‘ಪಾಕ’: ಹಣ್ಣಿನ ಮಾಗು, ಒಲೆಯ ಹದ

ಸಂಸ್ಕೃತದ ‘ಪಚ್’ ಧಾತು ಬೇಯಿಸುವುದನ್ನೂ ಮಾಗುವುದನ್ನೂ ಒಟ್ಟಿಗೆ ಹೇಳುತ್ತದೆ. ‘ಪಕ್ವ’ವೆಂದರೆ ಬೆಂದ ಅನ್ನವೂ ಹೌದು, ಮಾಗಿದ ಹಣ್ಣೂ ಹೌದು. ಕನ್ನಡದ ದೇಶ್ಯಪದಗಳು ಇವೆರಡನ್ನೂ ಬೇರೆಯಾಗಿಯೇ ಇಟ್ಟಿವೆ: ಒಲೆಯ ಕೆಲಸಕ್ಕೆ ‘ಅಡು’, ‘ಬೇಯಿಸು’, ಮರದ ಮೇಲಿನದಕ್ಕೆ ‘ಹಣ್ಣಾಗು’, ‘ಮಾಗು’. ಇಂಥ ಭಾಷೆಗೆ ‘ಪಾಕ’ವು ತತ್ಸಮವಾಗಿ ಬಂದು, ದಿನಬಳಕೆಯಲ್ಲಿ ಕಾಸಿದ ಸಕ್ಕರೆ, ಬೆಲ್ಲಗಳ ಸಿಹಿದ್ರವಕ್ಕೆ ಹೆಸರಾಗಿ ನಿಂತಿತು. ಹೀಗಾಗಿ ‘ದ್ರಾಕ್ಷಾಪಾಕ’, ‘ನಾರಿಕೇಳಪಾಕ’ ಮೊದಲಾದ ಅಲಂಕಾರಶಾಸ್ತ್ರದ ಮಾತುಗಳು ಕನ್ನಡದ ಕಿವಿಗೆ ಸಿಹಿತಿನಿಸುಗಳ ಹೆಸರಿನಂತೆ ಕೇಳಿಸುತ್ತವೆ. ಅಲ್ಲಿರುವುದು ಸಕ್ಕರೆಯಲ್ಲ, ಹಣ್ಣು.

ವಾಮನನು ಕಾವ್ಯಾಲಂಕಾರಸೂತ್ರವೃತ್ತಿಯಲ್ಲಿ ಕಾವ್ಯಪಾಕವನ್ನು ಹೋಲಿಸುವುದು ಮಾವಿನ ಪರಿಣಾಮಕ್ಕೆ, ಎಂದರೆ ಅದು ಮಾಗುವ ಬಗೆಗೆ. ಗುಣವಿಲ್ಲದ ಬರಿಯ ಪದಸಂಸ್ಕಾರಕ್ಕೆ ಅವನು ಕೊಡುವ ಹೆಸರು ‘ವೃಂತಾಕಪಾಕ’. ಬದನೆಯ ಸಿಹಿಪಾಕವನ್ನು ಯಾರೂ ಕಾಸಿದವರಿಲ್ಲ. ರಾಜಶೇಖರನ ಕಾವ್ಯಮೀಮಾಂಸೆಯ ಒಂಬತ್ತು ಪಾಕಗಳಲ್ಲಂತೂ ಬೇವು, ಅಡಕೆ, ಸೌತೆ, ಹುಣಿಸೆಗಳೂ ಇವೆ. ಮೊದಲು ಹೇಗೆ, ಕೊನೆಗೆ ಹೇಗೆ ಎಂಬ ರುಚಿಯ ಕ್ರಮವೇ ಅಲ್ಲಿಯ ವಿಂಗಡಣೆಗೆ ಆಧಾರ. ಪ್ರತಾಪರುದ್ರೀಯದ ವಿದ್ಯಾನಾಥನು ದ್ರಾಕ್ಷೆಯನ್ನೂ ತೆಂಗನ್ನೂ ಎದುರುಬದುರು ನಿಲ್ಲಿಸುವುದೂ ಹಣ್ಣಿನ ರಚನೆಯನ್ನೇ ನೋಡಿ: ಒಂದರ ರಸ ಒಳಗೂ ಹೊರಗೂ ಮಿನುಗುತ್ತದೆ, ಇನ್ನೊಂದರದು ಒಳಗೆ ಅಡಗಿದೆ. ಪದವನ್ನು ಬದಲಿಸಲಾಗದ ಸ್ಥಿತಿಯೇ ಪಾಕವೆಂಬ ವಾಮನೀಯರ ಮತವನ್ನು ಅವಂತಿಸುಂದರಿ ಅದು ಅಶಕ್ತಿಯೆಂದು ತಳ್ಳಿಹಾಕಿದ್ದನ್ನು ರಾಜಶೇಖರನೇ ದಾಖಲಿಸಿದ್ದಾನೆ. ಆ ವಾದ ಹಿಡಿತಕ್ಕೆ ಸಿಗಬೇಕಾದರೂ ಪಾಕವನ್ನು ದ್ರವವೆಂದಲ್ಲ, ಸ್ಥಿತಿಯೆಂದು ತಿಳಿದಿರಬೇಕು.

ಹಾಗಾದರೆ ಸಿಹಿದ್ರವದ ಅರ್ಥ ಎಲ್ಲಿಂದ ಬಂತು? ‘ಬೆಂದದ್ದು, ಆದ್ದರಿಂದ ಪಾಕ’ ಎಂಬ ಉತ್ತರ ಸಾಲದು. ಮಲೆನಾಡಿನ ಜೋನಿಬೆಲ್ಲವೂ ಕಬ್ಬಿನ ಹಾಲನ್ನು ಕಾಸಿ ಮಾಡಿದ ಮಂದದ್ರವವೇ. ಅದನ್ನು ಯಾರೂ ಪಾಕವೆನ್ನುವುದಿಲ್ಲ. ಕಾಕಂಬಿಯನ್ನೂ ಅನ್ನುವುದಿಲ್ಲ. (ಪಾನಕದ ಮಾತೇ ಬೇರೆ, ಅದರ ಮೂಲ ‘ಕುಡಿ’ ಎಂಬರ್ಥದ ‘ಪಾ’ ಧಾತು.) ಪಾಕವೆನಿಸುವುದು ಮತ್ತೊಂದು ತಿನಿಸಿಗಾಗಿ ಗೊತ್ತಾದ ಹದಕ್ಕೆ ತಂದ ದ್ರವ ಮಾತ್ರ. ‘ಒಂದೆಳೆ ಪಾಕ’, ‘ಉಂಡೆಪಾಕ’, ‘ಪಾಕ ಬಂತು’, ‘ಪಾಕ ಮೀರಿತು’ ಎಂಬ ನುಡಿಗಟ್ಟುಗಳಲ್ಲಿ ‘ಪಾಕ’ವನ್ನು ತೆಗೆದು ‘ಹದ’ವನ್ನು ಇಟ್ಟರೂ ವಾಕ್ಯ ಕೆಡುವುದಿಲ್ಲ.

ಈ ಬಳಕೆಗೆ ವೈದ್ಯದ ಹಿನ್ನೆಲೆಯಿದೆ. ಚರಕಸಂಹಿತೆ ಸ್ನೇಹಪಾಕವನ್ನು ಮೃದು, ಮಧ್ಯ, ಖರ ಎಂದು ಮೂರಾಗಿ ವಿಂಗಡಿಸುತ್ತದೆ. ಶಾರ್ಙ್ಗಧರಸಂಹಿತೆ ಲೇಹ ಪಕ್ವವಾದುದಕ್ಕೆ ಹೇಳುವ ಲಕ್ಷಣಗಳಲ್ಲಿ ಎಳೆ ಏಳುವುದು, ನೀರಿನಲ್ಲಿ ಮುಳುಗುವುದು, ಒತ್ತಿದರೆ ಬೆರಳಗುರುತು ನಿಲ್ಲುವುದು ಸೇರಿವೆ. ಕನ್ನಡದ ಅಡುಗೆಮನೆಗಳಲ್ಲಿ ಇಂದಿಗೂ ಪಾಕವನ್ನು ಬೆರಳ ನಡುವೆ ಎಳೆದು ನೋಡುವುದು, ತಣ್ಣೀರಿನ ಬಟ್ಟಲಿಗೆ ತೊಟ್ಟು ಬಿಡುವುದು ಇವೇ ಪರೀಕ್ಷೆಗಳು. ಹದದ ಹೆಸರು ಹದಗೊಂಡ ವಸ್ತುವಿಗೆ ತಗುಲಿಕೊಂಡಿತೆಂಬುದು ಇದರಿಂದ ಹೊರಡುವ ಊಹೆ. ಶುಂಠೀಪಾಕ, ಕೂಷ್ಮಾಂಡಪಾಕ ಎಂಬ ಔಷಧನಾಮಗಳಲ್ಲಿ ಆ ಹೆಸರು ಇಡೀ ತಯಾರಿಕೆಗೇ ವ್ಯಾಪಿಸಿದೆ. ಮೈಸೂರು ಪಾಕನ್ನೂ ಇದೇ ಸಾಲಿಗೆ ಸೇರಿಸಬೇಕೇ ಹೊರತು ಅದರಲ್ಲಿ ಸಕ್ಕರೆಯ ರಸವನ್ನು ಮಾತ್ರ ಹುಡುಕಬೇಕಾಗಿಲ್ಲ.

ತಮಿಳಿನಲ್ಲಿ ಈ ಗೊಂದಲಕ್ಕೆ ಎಡೆ ಕಡಿಮೆ. ಅಲ್ಲಿ ಸಿಹಿದ್ರವಕ್ಕೆ ‘ಪಾಗು’ ಎಂಬ ರೂಪವೂ, ಅಡುಗೆ ಮತ್ತು ಹದಗಳಿಗೆ ‘ಪಾಕಂ’ ಎಂಬ ರೂಪವೂ ಬೇರ್ಪಟ್ಟಿವೆ. ಮಲಯಾಳದಲ್ಲಿಯೂ ಸಿಹಿದ್ರವ ‘ಪಾವು’ ಆಗಿದೆ. ಕನ್ನಡ, ತೆಲುಗುಗಳಲ್ಲಿ ಎಲ್ಲ ಹೊರೆಯನ್ನೂ ತತ್ಸಮರೂಪವೊಂದೇ ಹೊರುತ್ತಿದೆ. ಆದ್ದರಿಂದ ಮೂರನೆಯ ಮಂಗರಸನ ಸೂಪಶಾಸ್ತ್ರದಂಥ ಕೃತಿಯನ್ನು ಸಂಪಾದಿಸುವವರು ‘ಪಾಕ’ ಬಂದ ಕಡೆಯಲ್ಲೆಲ್ಲ ಅಡುಗೆಯೋ, ಹದವೋ, ಸಿಹಿದ್ರವವೋ ಎಂದು ಪ್ರತಿಸಲವೂ ತೀರ್ಮಾನಿಸಬೇಕು. ಅರ್ಥಕೋಶದಲ್ಲಿ ‘ಬೇಯಿಸುವಿಕೆ’ಯಿಂದ ‘ಸಕ್ಕರೆಯ ದ್ರವ’ಕ್ಕೆ ನೇರವಾಗಿ ಹಾರದೆ ನಡುವೆ ‘ಹದ’ವನ್ನು ಬರೆದರೆ, ನಳಪಾಕವೂ ದ್ರಾಕ್ಷಾಪಾಕವೂ ಎಳೆಪಾಕವೂ ತಮ್ಮತಮ್ಮ ಸ್ಥಾನದಲ್ಲಿ ಕೂರುತ್ತವೆ.