ಹತ್ತಲು ಸುಲಭ, ನಂಬಲು ಕಷ್ಟ

ಆರೇಳು ಲಕ್ಷದೊಳಗೆ ಕಾರು ನೋಡುವ ಮನೆಗಳಲ್ಲಿ ಮೊದಲು ಕೇಳಿಬರುವ ಹೆಸರುಗಳಲ್ಲಿ ಮಾರುತಿಯ ವ್ಯಾಗನ್ ಆರ್ ಒಂದು. 1999ರ ಕೊನೆಗೆ ನಮ್ಮ ರಸ್ತೆಗಿಳಿದ ಈ ಕಾರಿಗೆ ಬೇಡಿಕೆ ಇನ್ನೂ ತಗ್ಗಿಲ್ಲ. ಮಂಡಿನೋವಿನ ಅಜ್ಜಿಯೊಬ್ಬರು ಇದನ್ನು ಹತ್ತುವುದನ್ನು ನೋಡಿದರೆ ಕಾರಣ ತಿಳಿಯುತ್ತದೆ. ಬಾಗಿಲು ಅಗಲಕ್ಕೆ ತೆರೆದುಕೊಳ್ಳುತ್ತದೆ, ಸೀಟು ಹೆಚ್ಚುಕಡಿಮೆ ಸೊಂಟದ ಮಟ್ಟಕ್ಕೇ ಸಿಗುತ್ತದೆ. ಮೊದಲು ಕೂತು, ಆಮೇಲೆ ಒಂದೊಂದೇ ಕಾಲು ಒಳಗೆಳೆದುಕೊಂಡರೆ ಆಯಿತು. ತಲೆ ತಗ್ಗಿಸುವ ಕಷ್ಟವಿಲ್ಲ. ಈ ಒಂದು ಗುಣಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಡಿಕ್ಕಿ 341 ಲೀಟರ್. ಊರಿಂದ ಬರುವಾಗಿನ ಅಕ್ಕಿ ಚೀಲ, ತೆಂಗಿನಕಾಯಿ ಎಲ್ಲ ಹಿಡಿಸುತ್ತವೆ.

ಎಂಜಿನ್ ಎರಡು ಬಗೆ. ಒಂದು ಲೀಟರಿನದು ಮೈಲೇಜಿಗೆ ಚೆನ್ನ. ಆದರೆ ಐದು ಜನ ಕೂತು, ಎಸಿ ಹಾಕಿಕೊಂಡು ಆಗುಂಬೆ ಘಾಟಿ ಹತ್ತುವವರು ನಾಲ್ಕು ಸಿಲಿಂಡರಿನ 1.2 ಲೀಟರನ್ನೇ ಕೊಳ್ಳಬೇಕು.

ನನ್ನ ತಕರಾರು ಬಾಡಿಯದು. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಗುದ್ದಿಸಿ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಗೆ ಒಂದೇ ನಕ್ಷತ್ರ ಸಿಕ್ಕಿತು, ಮಕ್ಕಳ ರಕ್ಷಣೆಗೆ ಸೊನ್ನೆ. ಬಾಡಿಯ ಚೌಕಟ್ಟು ಸ್ಥಿರವಲ್ಲ ಎಂಬ ವರದಿಯೂ ಬಂತು. 2025ರಲ್ಲಿ ಎಲ್ಲ ಮಾಡೆಲ್‌ಗೂ ಆರು ಏರ್‌ಬ್ಯಾಗ್ ಬಂದದ್ದು ಒಳ್ಳೆಯದೇ. ಆದರೆ ಏರ್‌ಬ್ಯಾಗ್ ಕೆಲಸ ಮಾಡಬೇಕಾದರೆ ಕೂತವರ ಸುತ್ತಲಿನ ಜಾಗ ಮುದುಡದೆ ಉಳಿಯಬೇಕು. ಟಾಟಾ ಪಂಚ್ 2021ರಲ್ಲಿ ಎರಡೇ ಏರ್‌ಬ್ಯಾಗ್ ಇಟ್ಟುಕೊಂಡು ಐದು ನಕ್ಷತ್ರ ಪಡೆಯಿತು. ಆಗಿನ ಪರೀಕ್ಷೆ 2023ರದಷ್ಟು ಬಿಗಿಯಾಗಿರಲಿಲ್ಲ, ನಿಜ; ಆದರೂ ಪಂಚ್‌ನ ಚೌಕಟ್ಟು ಗಟ್ಟಿಯಾಗಿ ನಿಂತಿತ್ತು. ಹೆಚ್ಚುಕಡಿಮೆ ಇದೇ ಬೆಲೆಯಲ್ಲಿ ಗಟ್ಟಿ ಕಾರು ಮಾಡಬಹುದು ಎಂದಮೇಲೆ, ಲಕ್ಷಾಂತರ ಮನೆಗಳು ನಂಬಿದ ಕಾರು ಇಷ್ಟು ದುರ್ಬಲವಾಗಿದ್ದುದನ್ನು ಒಪ್ಪುವುದು ನನ್ನಿಂದಾಗದು. ಕೊಳ್ಳುವವರದ್ದೂ ತಪ್ಪಿದೆ. ಶೋರೂಮಿಗೆ ಹೋದೊಡನೆ ‘ಎಷ್ಟು ಕೊಡುತ್ತೆ?’, ‘ರೀಸೇಲ್ ಹೇಗೆ?’ ಎಂದು ಕೇಳುತ್ತೇವೆ, ಕ್ರ್ಯಾಶ್ ಟೆಸ್ಟಿನ ಮಾತೇ ಎತ್ತುವುದಿಲ್ಲ.

ಪಂಚ್‌ನಲ್ಲೂ ಕೊರತೆಗಳಿವೆ. ಮೂರು ಸಿಲಿಂಡರಿನ ಎಂಜಿನ್ ಅಷ್ಟು ನಯವಲ್ಲ, ನೆಲದಿಂದ ಎತ್ತರ ಜಾಸ್ತಿಯಾದ್ದರಿಂದ ಅಜ್ಜಿಗೆ ಹತ್ತಲು ಸ್ವಲ್ಪ ಶ್ರಮ.

ದುಡ್ಡಿನ ಲೆಕ್ಕವನ್ನು ಆನ್ ರೋಡ್ ಬೆಲೆಯಲ್ಲೇ ಹಾಕಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ 18ಕ್ಕೆ ಇಳಿದರೂ ಕರ್ನಾಟಕದ ಜೀವಾವಧಿ ತೆರಿಗೆ ಭಾರವೇ. ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಶೇ 14, ಅಂದರೆ ಆರು ಲಕ್ಷದ ಕಾರಿಗೆ 84 ಸಾವಿರ, ಸೆಸ್ ಬೇರೆ. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂದೇನಿಲ್ಲ, ಹೊರಗೆ ವಿಚಾರಿಸಿ.

ಊರೊಳಗೆ ನಿಧಾನಕ್ಕೆ ಓಡಾಡುವ, ವಯಸ್ಸಾದವರಿರುವ ಮನೆಗೆ 1.2 ಲೀಟರಿನ ವ್ಯಾಗನ್ ಆರ್ ಸಾಕು. ಆಗಾಗ ಹೆದ್ದಾರಿ ಹಿಡಿದು ಮಕ್ಕಳನ್ನು ಊರಿಗೆ ಕರೆದೊಯ್ಯುವವರಿಗೆ ಅದನ್ನು ಹೇಳಲಾರೆ. ಅವರು ಪಂಚ್ ಕೊಳ್ಳಲಿ. ಬಜೆಟ್ ಸಾಲದಿದ್ದರೆ ಟಾಪ್ ಎಂಡ್ ಬಿಟ್ಟು ಕೆಳಗಿನ ಮಾಡೆಲ್ ಆದರೂ ಸರಿ.