ದಂಡಿನ ಗೆರೆ: 1881ರ ಅಧಿಕಾರಪತ್ರದ ಒಂದು ವಿಮರ್ಶೆ

ಬೆಂಗಳೂರಿನ ದಂಡನ್ನು ಕುರಿತ ಬರವಣಿಗೆಯಲ್ಲಿ ಅಗಲವಾದ ಬೀದಿಗಳು, ಬಂಗಲೆಗಳು, ಚರ್ಚುಗಳು, ಪರೇಡು ಮೈದಾನ ಇವುಗಳ ವರ್ಣನೆಗೆ ಕೊರತೆಯಿಲ್ಲ. ಆದರೆ ಆ ದಂಡು ಅನ್ಯರ ಸೇನೆಯು ಮೈಸೂರಿನ ನೆಲದಲ್ಲಿ ಹೂಡಿದ ನೆಲೆಯಾಗಿತ್ತೆಂಬುದೂ, ಅದರೊಳಗಿನ ಜನರ ಹಕ್ಕು ಏನಾಯಿತೆಂಬುದೂ ಈ ವರ್ಣನೆಗಳಲ್ಲಿ ಮರೆಯಾಗುತ್ತವೆ. ಇದಕ್ಕೆ ಉತ್ತರವನ್ನು ಕಟ್ಟಡಗಳಲ್ಲಿ ಅಲ್ಲ, ಒಂದು ದಸ್ತಾವೇಜಿನಲ್ಲಿ ಹುಡುಕಬೇಕಾಗಿದೆ.

1799ರ ಒಪ್ಪಂದದಂತೆ ಮೈಸೂರು ಕಂಪೆನಿಯ ಸೇನೆಗಾಗಿ ವರ್ಷಕ್ಕೆ 7 ಲಕ್ಷ ವರಹಗಳನ್ನು ತೆರಬೇಕಾಯಿತು. 1809ರಲ್ಲಿ ಹಲಸೂರಿನ ಬಳಿ ದಂಡು ನೆಲೆಗೊಂಡಿತು. 1831ರಿಂದ ಐವತ್ತು ವರ್ಷ ಇಡೀ ರಾಜ್ಯವೇ ಬ್ರಿಟಿಷರ ಆಡಳಿತಕ್ಕೆ ಒಳಪಟ್ಟಿದ್ದುದರಿಂದ ದಂಡಿಗೂ ಪೇಟೆಗೂ ನಡುವಣ ಗೆರೆ ಅಷ್ಟಾಗಿ ಕಾಣಲಿಲ್ಲ. 1881ರ ಮಾರ್ಚಿ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಒಪ್ಪಿಸಿದಾಗ ಅದು ಸ್ಪಷ್ಟವಾಯಿತು.

ಅಂದಿನ ಅಧಿಕಾರಪತ್ರದ ಷರತ್ತುಗಳನ್ನು ಗಮನಿಸಬೇಕು. ಬ್ರಿಟಿಷ್ ಸರಕಾರ ಎಲ್ಲಿ ದಂಡು ಬೇಕೆಂದರೂ ಮಹಾರಾಜರು ಆಕ್ಷೇಪಿಸಕೂಡದು. ಭೂಮಿಯನ್ನು ಬಿಟ್ಟಿಯಾಗಿ ಕೊಡಬೇಕು. ಆ ಭೂಮಿಯ ಮೇಲಣ ಸಮಸ್ತ ನ್ಯಾಯಾಧಿಕಾರವನ್ನೂ ತ್ಯಜಿಸಬೇಕು. ದಂಡಿನಾಚೆಯೂ, ಯೂರೋಪಿಯನ್ ಬ್ರಿಟಿಷ್ ಪ್ರಜೆಗಳ ವಿಚಾರಣಾಧಿಕಾರ ಗವರ್ನರ್ ಜನರಲ್ಲರದೇ. ಪೊಗದಿಯೋ 35 ಲಕ್ಷ ರೂಪಾಯಿಗೆ ಏರಿತು.

ಇಲ್ಲಿ 'ತ್ಯಜಿಸುವುದು' ಎಂಬ ಮಾತು ವಿಚಾರಾರ್ಹವಾದುದು. ತನ್ನದನ್ನು ಮಾತ್ರ ಒಬ್ಬನು ತ್ಯಜಿಸಬಲ್ಲನು. ನ್ಯಾಯಾಧಿಕಾರವೆಂಬುದು ಅರಸನ ಅಧಿಕಾರವಷ್ಟೇ ಅಲ್ಲ, ಅನ್ಯಾಯಕ್ಕೊಳಗಾದವನು ತನ್ನ ಸರಕಾರದ ಬಾಗಿಲು ತಟ್ಟುವ ಹಕ್ಕೂ ಹೌದು. ತ್ಯಜಿಸಿದವರು ಮಹಾರಾಜರು, ಕಳೆದುಕೊಂಡವರು ಪ್ರಜೆಗಳು. ಅದೇ 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಆದರೆ ಗೆರೆಯ ಆಚೆ ಅಧಿಕಾರ ನಡೆಸುತ್ತಿದ್ದ ರೆಸಿಡೆಂಟರು ಆ ಸಭೆಗೆ ಉತ್ತರ ಹೇಳಬೇಕಾಗಿರಲಿಲ್ಲ.

ಇಂಥ ಏರ್ಪಾಡಿನ ಭಾರ ದುರ್ಬಲರ ಮೇಲೆ ಬೀಳುತ್ತದೆಂಬುದಕ್ಕೆ ಬ್ರಿಟಿಷ್ ಇಂಡಿಯದ ದಂಡುಗಳೇ ನಿದರ್ಶನ. 1864ರ ಮತ್ತು 1868ರ ಕಾನೂನುಗಳನ್ನನುಸರಿಸಿ, ಸಿಪಾಯಿಗಳ ಆರೋಗ್ಯದ ಹೆಸರಿನಲ್ಲಿ, ವೇಶ್ಯೆಯರೆಂದು ನೋಂದಿಸಲ್ಪಟ್ಟ ಹೆಂಗಸರನ್ನು ಬಲಾತ್ಕಾರವಾಗಿ ದೇಹಪರೀಕ್ಷೆಗೆ ಗುರಿಪಡಿಸಿ, ರೋಗವಿದ್ದವರನ್ನು ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. ಸಿಪಾಯಿಗೆ ಅಂಥ ನೋಂದಣಿಯಿರಲಿಲ್ಲ. 1868ರ ಕಾನೂನು 1888ರಲ್ಲಿ ರದ್ದಾಯಿತು. ಆದರೂ 1891-92ರಲ್ಲಿ ನಮ್ಮ ದೆಹಲಿಯ ನೆರೆಯ ಮೀರತ್ತೂ ಸೇರಿದಂತೆ ಹಲವು ದಂಡುಗಳನ್ನು ಕಂಡ ಅಮೆರಿಕದ ಎಲಿಜಬೆತ್ ಆಂಡ್ರೂ ಮತ್ತು ಕ್ಯಾಥರಿನ್ ಬುಶ್ನೆಲ್ ಆ ಪದ್ಧತಿ ಮುಂದುವರಿದಿದೆಯೆಂದು ಲಂಡನ್ನಿನ ವಿಚಾರಣಾ ಸಮಿತಿಯ ಮುಂದೆ 1893ರಲ್ಲಿ ಸಾಕ್ಷ್ಯ ನುಡಿದರು.

ದಂಡಿನಿಂದ ಉದ್ಯೋಗ, ವ್ಯಾಪಾರ, ವಿದ್ಯಾಶಾಲೆಗಳು ಬಂದುವೆಂದು ಹೇಳುವುದುಂಟು. ಅದು ನಿಜ. ಆದರೆ ಅನುಕೂಲ ಬೇರೆ, ಹಕ್ಕು ಬೇರೆ. ಅನುಕೂಲವನ್ನು ಕೊಟ್ಟವನು ಹಿಂದಕ್ಕೆ ಪಡೆಯಬಹುದು. ಹಕ್ಕನ್ನು ಕೇಳಿ ಪಡೆಯಲು ಒಂದು ನ್ಯಾಯಸ್ಥಾನ ಬೇಕು.

ಸ್ವತಂತ್ರ ರಾಷ್ಟ್ರಗಳಿಗೂ ಈ ತೊಡಕು ತಪ್ಪಿಲ್ಲ. 1960ರ ಜಪಾನ್-ಅಮೆರಿಕ ಒಪ್ಪಂದದ ಮೇರೆಗೆ, ಅಮೆರಿಕದ ವಶದಲ್ಲಿರುವ ಆರೋಪಿ ಸೈನಿಕನನ್ನು ದೋಷಾರೋಪಣೆಯಾಗುವವರೆಗೆ ಜಪಾನಿಗೆ ಒಪ್ಪಿಸಬೇಕಾಗಿಲ್ಲ. 1995ರಲ್ಲಿ ಓಕಿನಾವದಲ್ಲಿ ಮೂವರು ಅಮೆರಿಕದ ಸೈನಿಕರು ಹನ್ನೆರಡು ವರ್ಷದ ಬಾಲಿಕೆಯ ಮೇಲೆ ಅತ್ಯಾಚಾರವೆಸಗಿದಾಗ ಜನ ರೊಚ್ಚಿಗೇಳಲು ಈ ನಿಬಂಧನೆಯೂ ಕಾರಣ. ಆ ಬಳಿಕ, ಘೋರಾಪರಾಧಗಳಲ್ಲಿ ಮೊದಲೇ ಒಪ್ಪಿಸುವ ಬೇಡಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಲು ಅಮೆರಿಕ ಸಮ್ಮತಿಸಿತು. ಡೀಗೋ ಗಾರ್ಸಿಯದಲ್ಲಂತೂ ನೆಲೆಗಾಗಿ ನಿವಾಸಿಗಳನ್ನೇ 1973ರ ವೇಳೆಗೆ ಪೂರ್ತಿಯಾಗಿ ಒಕ್ಕಲೆಬ್ಬಿಸಲಾಗಿತ್ತು.

1913ರಲ್ಲಿ ಅಧಿಕಾರಪತ್ರದ ಸ್ಥಾನದಲ್ಲಿ ಒಪ್ಪಂದ ಬಂದರೂ ದಂಡು ಮೈಸೂರಿಗೆ ಮರಳಲಿಲ್ಲ. ಅದು ಮರಳಿದ್ದು 1947ರ ಜುಲೈಯಲ್ಲಿ. ಪೇಟೆ ಮತ್ತು ದಂಡು ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಗೆರೆ ಅಳಿಯಿತು, ಅದರೊಳಗೆ ಬಾಳಿದವರ ಅಹವಾಲುಗಳ ಚರಿತ್ರೆ ಇನ್ನೂ ಕನ್ನಡದಲ್ಲಿ ಸಮಗ್ರವಾಗಿ ಬರಬೇಕಾಗಿದೆ. ಅಂದಿನ ಭಾರತ ಸರಕಾರದ ವಿದೇಶಾಂಗ ಇಲಾಖೆಯ ಕಡತಗಳು ಇದೇ ದೆಹಲಿಯ ರಾಷ್ಟ್ರೀಯ ದಾಖಲೆಗಾರದಲ್ಲಿವೆ. ಇಲ್ಲಿ ನೆಲಸಿದ ಕನ್ನಡಿಗರಿಗೆ ಅವು ದೂರವಲ್ಲ. ನಮ್ಮವರಲ್ಲಿ ಯಾರಾದರೂ ಆ ಕೆಲಸಕ್ಕೆ ಕೈಹಾಕಿದರೆ ಬೀದಿ ಬಂಗಲೆಗಳ ವರ್ಣನೆಗೆ ಮನುಷ್ಯರ ಕಥೆಯೂ ಕೂಡಿಬಂದೀತು.