ಗಣೆಯ ಕತೆ ಕೇಳುವವರಿಗೆ

ಅದ್ಭುತ ಲೋಕಗಳ ಕತೆ, ನಾಳಿನ ಕಾಲದ ಪದ್ಯ ಓದಬೇಕೆಂದು ಹೊರಟವರು ದಾರಿ ಕೇಳಿದರೆ ನಾನು ಶಿರಾ ಸೀಮೆಯ ಕಡೆ ಕೈ ತೋರಿಸುತ್ತೇನೆ. ರಾಜಶೇಖರ ಭೂಸನೂರಮಠರ ವಿಜ್ಞಾನ ಕತೆಗಳನ್ನು ಆಮೇಲೆ ಓದಿ. ಮೊದಲು ದನ ಕುರಿ ಸಾಕುವ ಕಾಡುಗೊಲ್ಲ ಸಮುದಾಯದವರು ಹಾಡುವ ಜುಂಜಪ್ಪನ ಕಾವ್ಯಕ್ಕೆ ಕಿವಿಗೊಡಿ.

ಜುಂಜಪ್ಪ ದನಗಾಹಿ ವೀರ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವನನ್ನು ಪೂಜಿಸುವ ಗುಡ್ಡೆಯಿದೆ. ತುಮಕೂರು, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಅವನ ಒಕ್ಕಲಿದೆ. ಸೋದರಮಾವಂದಿರ ಹಗೆ, ಹುಲ್ಲು ನೀರು ಅರಸಿ ದನ ಹೊಡೆದುಕೊಂಡು ಹೋಗುವ ಅಲೆದಾಟ, ಮನುಷ್ಯನ ಅಳವಿಗೆ ಮೀರಿದ ಪವಾಡ ಎಲ್ಲವೂ ಇಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ. ಪುಸ್ತಕವಾಗಿಯೂ ಬಂದಿದೆ, ನಿಜ. ಆದರೂ ಗಣೆಯಿಲ್ಲದೆ ಈ ಕಾವ್ಯ ಅರ್ಧವೇ.

ಗಣೆಯೆಂದರೆ ಉದ್ದನೆಯ ಬಿದಿರಿನ ಕೊಳಲು. ಹಾಡುಗಾರ ಕೆಲವು ಸೊಲ್ಲು ಹಾಡಿ ನಿಲ್ಲಿಸುತ್ತಾನೆ, ಗಣೆ ಊದುತ್ತಾನೆ, ಮತ್ತೆ ಹಾಡುತ್ತಾನೆ. ಹೊಸಬರು ಈ ಊದುವ ಹೊತ್ತನ್ನು ಬಿಡುವೆಂದು ತಿಳಿದು ಮೊಬೈಲ್ ನೋಡಲು ತೊಡಗುತ್ತಾರೆ. ಹಾಗೆ ಮಾಡಬೇಡಿ. ಆಗಷ್ಟೇ ಹಾಡಿದ ಚಿತ್ರ ನಿಮ್ಮೊಳಗೆ ಇಳಿಯುವುದು ಆ ಹೊತ್ತಿನಲ್ಲೇ. ಒಂದೇ ಸಾಲು ಮತ್ತೆ ಮತ್ತೆ ಬಂದರೆ ಬೇಸರಪಡಬೇಡಿ. ಈ ಸಲ ಯಾವ ಮಾತು ಬದಲಾಯಿತು ಎಂಬುದಕ್ಕೆ ಕಿವಿಗೊಡಿ, ಕತೆ ಅಲ್ಲಿಂದಲೇ ಮುಂದಕ್ಕೆ ಹೆಜ್ಜೆ ಹಾಕುತ್ತದೆ. ಹಾಡುವವರಿಗೆ ಜುಂಜಪ್ಪ ದೇವರು ಎಂಬುದನ್ನೂ ಮರೆಯಬೇಡಿ. ಧ್ವನಿಮುದ್ರಣಕ್ಕೆ ಮುಂಚೆ ಅಪ್ಪಣೆ ಕೇಳಿ.

ಇನ್ನು ಪವಾಡದ ಮಾತು. ದೈವಬಲದ ಕತೆಯನ್ನು ಕೇಳುಗ ಯಾಕೆ ನಂಬುತ್ತಾನೆ? ದನ ಕಾಯುವವನ ಬದುಕು ಅದರಲ್ಲಿ ಚಾಚೂ ತಪ್ಪದೆ ಬಂದಿರುತ್ತದೆ. ಹಸಿದ ಹಸು, ಬತ್ತಿದ ಹಳ್ಳ, ಹಟ್ಟಿಯ ಮುಳ್ಳುಬೇಲಿ, ನೆಂಟರೊಳಗಿನ ಹೊಟ್ಟೆಕಿಚ್ಚು ಇವೆಲ್ಲ ಕಣ್ಣಿಗೆ ಕಟ್ಟಿದ ಮೇಲೆ ಪವಾಡಕ್ಕೆ ನಿಲ್ಲಲು ನೆಲ ಸಿಗುತ್ತದೆ. ಇಂಥ ಕತೆಗಳ ರಸ ಹಿಡಿಯಲು ನನಗೆ ಗೊತ್ತಿರುವ ಅಳತೆ ಇದೊಂದೇ. ಕೊರಟಗೆರೆಯ ಸಿದ್ಧರಬೆಟ್ಟದ ಗಿಡಮೂಲಿಕೆಗಳ ಐತಿಹ್ಯಕ್ಕಾಗಲಿ, ಮಧುಗಿರಿಯ ಏಕಶಿಲಾ ಬೆಟ್ಟವನ್ನು ಬೇರೊಂದು ಗ್ರಹದಲ್ಲಿ ನಿಲ್ಲಿಸುವ ಹೊಸ ಪದ್ಯಕ್ಕಾಗಲಿ ಅದು ಹೊಂದುತ್ತದೆ.

ಇದೇ ಅಳತೆಯನ್ನು ನಾಳಿನ ಕತೆಯೊಂದಕ್ಕೆ ಹಿಡಿದು ನೋಡೋಣ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆ. ಮಳೆ ಕಾಣದ ಹೊಲಗಳನ್ನು ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ. ಅಲ್ಲಿ ನೂರು ವರ್ಷದಾಚೆ ನಡೆಯುವ ಕತೆಯೊಂದು ನಿಮ್ಮ ಕೈಗೆ ಬಂತೆನ್ನಿ. ಹಾರುವ ಯಂತ್ರಗಳನ್ನು ಎಣಿಸುತ್ತಾ ಕೂರಬೇಡಿ. ಫಲಕಗಳ ಕೆಳಗೆ ಹುಲ್ಲು ಚಿಗುರಿದರೆ ಕುರಿ ಬಿಡುವ ಹಕ್ಕು ಯಾರದು, ಗುತ್ತಿಗೆ ಮುಗಿದಾಗ ಅಳಿಸಿಹೋದ ಬದುಗಳನ್ನು ಗುರುತಿಸುವ ಮುದುಕಿ ಯಾರು, ಕೊಳವೆಬಾವಿ ಎಷ್ಟು ಅಡಿಗೆ ಇಳಿದಿದೆ ಎಂದು ಕೇಳಿ ನೋಡಿ. ಇವಕ್ಕೆ ಕತೆಯೊಳಗೆ ಉತ್ತರವಿದ್ದರೆ, ಆ ಫಲಕಗಳು ರಾತ್ರಿ ತಮ್ಮತಮ್ಮಲ್ಲೇ ಮಾತಾಡಿಕೊಂಡವು ಎಂದು ಬರೆದಿದ್ದರೂ ನಾನು ನಂಬುತ್ತೇನೆ.